ಭಂಕೂರದ ಇಬ್ಬರು ಸಡ್ಡಕರು, ಎರಡು ಕೆಂಪು ಬೈಕುಗಳು

2022ರ ಬೇಸಿಗೆಯಲ್ಲಿ, ಶಹಾಬಾದ್‌ನ ಪೆಟ್ರೋಲ್ ಪಂಪಿನಿಂದ ರಸ್ತೆಗೆ ತಿರುಗುತ್ತಿದ್ದ ಬೈಕೊಂದು ನಡುರಸ್ತೆಯಲ್ಲಿ ಬಂದ್ ಬಿತ್ತು. ನೆಲಕ್ಕೆ ಹಾಸುವ ಫರಸಿ ಕಲ್ಲು ಹೇರಿಕೊಂಡು ಬರುತ್ತಿದ್ದ ಟ್ರ್ಯಾಕ್ಟರ್ ಬ್ರೇಕ್ ಹಾಕಿದರೂ ಬೈಕಿಗೆ ತಾಗಿತು. ಹಿಂದೆ ಕೂತಿದ್ದ ಕಾಶಿಬಾಯಿಯ ಬಲಗೈ ಮಣಿಕಟ್ಟು ಮುರಿಯಿತು. ಆಗ ನಾನು ಕನ್ನಡ ದಿನಪತ್ರಿಕೆಯೊಂದಕ್ಕೆ ಈ ಭಾಗದ ವರದಿಗಾರ. ನಾಲ್ಕು ಸಾಲಿನ ಸುದ್ದಿಗೆಂದು ಆಸ್ಪತ್ರೆಗೆ ಹೋದೆ.

ಬೈಕ್ ಓಡಿಸುತ್ತಿದ್ದವನು ಆಕೆಯ ಗಂಡ ಶರಣಪ್ಪ, ಭಂಕೂರದ ಕಲ್ಲು ಪಾಲಿಶ್ ಕೆಲಸಗಾರ. ಗಾಡಿ ಏಕೆ ನಿಂತಿತು ಎಂದು ಕೇಳಿದೆ.

"ಗಾಡೀದು ಏನೂ ತಪ್ಪಿಲ್ರಿ ಸರ್. ನಮ್ಮ ಸಡ್ಡಕನ ಕಣ್ಣು ಬಡದದ."

ಸಡ್ಡಕ ಎಂದರೆ ಕಾಶಿಬಾಯಿಯ ತಂಗಿ ನಾಗಮ್ಮನ ಗಂಡ ಬಸವರಾಜ. ಇರುವುದು ಅದೇ ಓಣಿಯಲ್ಲಿ. ಶರಣಪ್ಪ ಬೈಕ್ ತಂದ ಮೇಲೆ ಅವನೂ ಅದೇ ಮಾದರಿಯ, ಅದೇ ಕೆಂಪು ಬಣ್ಣದ ಬೈಕ್ ತಂದಿದ್ದ. ಆಮೇಲೆ ಶರಣಪ್ಪನ ಬೈಕ್ ತಿರುವುಗಳಲ್ಲಿ ನಿಲ್ಲತೊಡಗಿತು. ದೃಷ್ಟಿ ತಾಗದಿರಲೆಂದು ಆತ ಹ್ಯಾಂಡಲ್ಲಿನ ಕುತ್ತಿಗೆಗೆ ಕರಿದಾರ ಸುತ್ತಿದ. ನಿಂತಾಗಲೆಲ್ಲ ಇನ್ನೊಂದು ಸುತ್ತು ಹೆಚ್ಚಾಗುತ್ತಿತ್ತು.

ನಾನು ಅಲ್ಲಿರುವಾಗಲೇ ನಾಗಮ್ಮ ಬುತ್ತಿ ಹಿಡಿದು ಬಂದಳು. ಶರಣಪ್ಪ ಬಾಗಿಲಲ್ಲೇ ತಡೆದ. "ಕೈ ಮುರದದ್ದು ಖರೇ ಏನು, ನೋಡಿ ಬಾ ಅಂತ ಗಂಡ ಕಳಿಸ್ಯಾನೇನು?"

"ಆಕಿ ನನ್ನ ತಂಗಿರಿ," ಎಂದು ಕಾಶಿಬಾಯಿ ಮಂಚದ ಮೇಲಿನಿಂದ ಹೇಳಿದಳು. ಬುತ್ತಿ ವಾಪಸ್ ಹೋಯಿತು.

ಕೆಲವು ವಾರಗಳ ನಂತರ ಸೇಡಂ ಬಸ್ ನಿಲ್ದಾಣದ ಎದುರಿನ ಮೈದಾನದಲ್ಲಿ ಅದೇ ಮಾದರಿಯ ಬೈಕ್ ಕಂಡೆ. ಅದಕ್ಕೂ ಕರಿದಾರ. ಸವಾರ ಸಣ್ಣ ತಿರುವಿಗೆ ಇಡೀ ಮೈದಾನ ಸುತ್ತುತ್ತಿದ್ದ. ಕಾರಣ ಕೇಳಿದರೆ ದನಿ ಇಳಿಸಿದ: "ಎಡಕ್ಕ ಪೂರಾ ಹೊಳ್ಳಿಸಿದ್ರ ಬಂದ್ ಬೀಳ್ತದ್ರಿ. ಯಾರಿಗೂ ಹೇಳಬ್ಯಾಡ್ರಿ. ಬಾಜೂ ಮನಿಯವ್ರಿಗೆ ಗೊತ್ತಾದ್ರ ಸಕ್ಕರಿ ಹಂಚ್ತಾರ." ಚಿಂಚೋಳಿಯ ಶಿಕ್ಷಕರೊಬ್ಬರ ಬೈಕೂ ಹೀಗೇ ನಿಲ್ಲುತ್ತಿತ್ತು. ಅವರ ಅನುಮಾನ ಸ್ವಂತ ತಮ್ಮನ ಮೇಲೆ.

ವಾಡಿಯ ಮೆಕ್ಯಾನಿಕ್ ಒಬ್ಬರು ಅಂಥ ಒಂದು ಬೈಕ್ ಬಿಚ್ಚಿ ತೋರಿಸಿದರು. ಎಂಜಿನ್‌ನಿಂದ ಹೆಡ್‌ಲೈಟ್‌ವರೆಗೆ ಹೋಗುವ ವೈರುಗಳ ಕಟ್ಟಿಗೆ ವೈರಿಂಗ್ ಹಾರ್ನೆಸ್ ಎನ್ನುತ್ತಾರೆ. ಹ್ಯಾಂಡಲ್ ಎಡಕ್ಕೆ ಪೂರ್ತಿ ತಿರುಗಿದಾಗ ಅದು ಫ್ರೇಮಿನ ಅಂಚಿಗೆ ಉಜ್ಜಿ ಸಿಪ್ಪೆ ಸವೆಯುತ್ತಿತ್ತು. ಸವೆದ ವೈರು ಕಬ್ಬಿಣಕ್ಕೆ ತಾಗಿದರೆ ಎಂಜಿನ್ ಬಂದ್. ಶೋರೂಮಿನಲ್ಲಿ ಮಾರಾಟಕ್ಕಿದ್ದ ಹೊಸ ಬೈಕುಗಳಲ್ಲಿ ಹಾರ್ನೆಸ್ ಬೇರೆ ದಾರಿಯಲ್ಲಿತ್ತು, ಮೇಲೊಂದು ರಬ್ಬರ್ ಕೊಳವೆಯೂ ಇತ್ತು. ಅಂದರೆ ಕಂಪನಿಗೆ ದೋಷ ಗೊತ್ತಿತ್ತು.

"ಹಳೇ ಗಾಡಿಯವ್ರು ಒಬ್ರೂ ಕಂಪ್ಲೇಂಟ್ ಕೊಟ್ಟಿಲ್ರಿ," ಎಂದರು ಶೋರೂಮಿನ ಮ್ಯಾನೇಜರ್. ಅದು ನಿಜವಾಗಿತ್ತು.

ವರದಿ ಅಚ್ಚಾಯಿತು. ಶರಣಪ್ಪ ಶೋರೂಮಿಗೆ ಬೈಕ್ ಒಯ್ದ. ಮ್ಯಾನೇಜರ್ ಕರಿದಾರದ ಮೇಲೆ ಬೆರಳಿಟ್ಟರು. "ಹಗ್ಗದಂಗ ಬಿಗಿದೀರಿ. ಅದಕ್ಕೇ ವೈರ್ ಕಟ್ ಆಗ್ಯದ. ವಾರಂಟಿ ಬರೂದಿಲ್ಲ." ಸೇಡಂ, ಚಿಂಚೋಳಿಯವರಿಗೂ ಇದೇ ಉತ್ತರ. ತಪ್ಪು ದಾರದ್ದಲ್ಲ ಎಂದು ತೋರಿಸಲು, ದಾರವಿಲ್ಲದೆಯೂ ನಿಲ್ಲುವ ಒಂದು ಬೈಕ್ ಬೇಕಿತ್ತು.

ಬಸವರಾಜನ ಮನೆಗೆ ಹೋದೆ. ಅವನ ಬೈಕಿಗೆ ದಾರವಿರಲಿಲ್ಲ. "ಓಣಿ ಮಂದಿ ಎಲ್ಲಾ ನಂದೇ ಕಣ್ಣು ಕೆಟ್ಟದ್ದು ಅಂತಾರ. ನಂಗ್ಯಾರ ಕಣ್ಣು ತಾಗ್ತದ್ರಿ?" ಎಂದ. ಗಾಡಿ ನಿಲ್ಲುತ್ತದೆಯೇ ಎಂದೆ. ಒಮ್ಮೆಯೂ ಇಲ್ಲ ಎಂದ.

ನಾಗಮ್ಮ ಒಳಗಿನಿಂದ ಬಂದಳು. "ಮತ್ತ ನಿನ್ನೆ ಹಿತ್ತಲ ಹಾದೀಲೆ ನೂಕ್ಕೊಂತ ತಂದದ್ದು ಯಾರ ಗಾಡಿ?"

"ನೀ ಸುಮ್ನಿರು. ಗೊತ್ತಾದ್ರ ಶರಣಪ್ಪಣ್ಣ ನಗ್ತಾನ."

"ನಗಲಿ. ಅಕ್ಕನ ಮಾರಿ ನೋಡಿ ನಂಗ ತಿಂಗಳಾತು."

ಮರುದಿನ ಶೋರೂಮಿನ ಅಂಗಳದಲ್ಲಿ, ಶರಣಪ್ಪನೂ ಸೇರಿ ಎಲ್ಲರೆದುರು, ಬಸವರಾಜ ಹ್ಯಾಂಡಲ್ ಎಡಕ್ಕೆ ತಿರುಗಿಸಿದ. ಎಂಜಿನ್ ನಿಂತಿತು. ಮ್ಯಾನೇಜರ್ ತಾವೇ ತಿರುಗಿಸಿ ನೋಡಿದರು. ಮತ್ತೆ ನಿಂತಿತು.

ಶರಣಪ್ಪ ಹತ್ತಿರ ಬಂದ. "ಎಂದಿನಿಂದ ಹಿಂಗ ಅದ?"

"ತಂದ ವಾರದಿಂದ. ನೀ ಹೊಟ್ಟಿಕಿಚ್ಚಿಲೆ ನೋಡೀದಿ ಅಂತ ತಿಳಕೊಂಡಿದ್ದೆ, ಅಣ್ಣಾ."

"ನಾ ಯಾಕ ಹೊಟ್ಟಿಕಿಚ್ಚು ಪಡ್ಲೋ? ಮೊದಲ ತಂದಾಂವ ನಾನು."

"ಹೌದಪಾ, ಮೊದಲ ಬಿದ್ದಾಂವನೂ ನೀನೇ."

ಅಂಗಳದಲ್ಲಿ ನಗು ಎದ್ದಿತು. ಶರಣಪ್ಪ ನಗಲಿಲ್ಲ. ಆದರೆ ಸಂಜೆ ಕಾಶಿಬಾಯಿಯೇ ತಂಗಿಯನ್ನು ಕರೆಸಿದಾಗ ಆತ ಬಾಗಿಲು ಬಿಟ್ಟು ಸರಿದು ನಿಂತ.

ಕಂಪನಿ ಆ ಮಾದರಿಯ ಹಳೆಯ ಬೈಕುಗಳಿಗೆ ಹಾರ್ನೆಸ್ ಬದಲಿಸಿಕೊಟ್ಟಿತು, ಸೇಡಂ ಮತ್ತು ಚಿಂಚೋಳಿಯವರಿಗೂ. ಅಪಘಾತಕ್ಕೆ ಅದೇ ಕಾರಣವೆಂದು ಇನ್ನೂ ಒಪ್ಪಿಲ್ಲ. ಕಾಶಿಬಾಯಿಯ ಮಣಿಕಟ್ಟು ಈಗಲೂ ಪೂರ್ತಿ ಬಾಗುವುದಿಲ್ಲ. ನಾಗಮ್ಮ ದಿನಾ ಮುಂಜಾನೆ ಅಕ್ಕನ ಮನೆಗೆ ಬಂದು ರೊಟ್ಟಿ ಬಡಿದುಕೊಟ್ಟು ಹೋಗುತ್ತಾಳೆ.