ಸಿಮೆಂಟಿನ ದಿಂಬು

ನಮ್ಮ ಮನೆಯ ಬಾಗಿಲ ಚೌಕಟ್ಟಿನಲ್ಲಿ, ಒಳಗೆ ಹೋಗುವಾಗ ಎಡಗಡೆಗೆ ಬರುವ ಮರದಲ್ಲಿ, ಅಂಗೈಯಗಲದ ಜಾಗವೊಂದು ಹೊಳೆಯುತ್ತಿದೆ. ಇವತ್ತು ಬೆಳಿಗ್ಗೆ ಕಂಡೆ. ಚೌಕಟ್ಟು ಹಲಸಿನ ಮರದ್ದು. ಅದಕ್ಕೆ ನಾನು ಪಾಲಿಶ್ ಹೊಡೆಸಿದವನಲ್ಲ, ಬಣ್ಣ ಬಳಿದವನೂ ಅಲ್ಲ. ಉಳಿದ ಕಡೆಯೆಲ್ಲ ಬಿಸಿಲು ಮಳೆಗೆ ಬೂದಿಬಣ್ಣಕ್ಕೆ ತಿರುಗಿ ಸೀಳುಬಿಟ್ಟಿದೆ. ಆ ಒಂದು ಜಾಗ ಮಾತ್ರ ದೇವಸ್ಥಾನದ ಕಂಬದ ಹಾಗೆ ಕಪ್ಪಗೆ, ನುಣ್ಣಗೆ. ನಲವತ್ತು ವರ್ಷ ಗಾರೆ ಕೆಲಸ ಮಾಡಿದವನು ನಾನು. ಇಂಥದ್ದು ಕಣ್ಣಿಗೆ ಬಿದ್ದರೆ, ಯಾಕೆ ಹೀಗಾಯಿತು ಎಂದು ತಿಳಿಯುವವರೆಗೆ ಗಂಟಲಲ್ಲಿ ಕಾಫಿ ಇಳಿಯುವುದಿಲ್ಲ. ತಿಳಿಯಿತು. ತಿಳಿಯುವ ಹೊತ್ತಿಗೆ ಕಾಫಿ ಆರಿಹೋಗಿತ್ತು.

ಅದನ್ನು ಹೇಳಬೇಕಾದರೆ ಈ ಮನೆ ಕಟ್ಟಿದ್ದನ್ನು ಹೇಳಬೇಕು. ಮನೆ ಅಂದೆ, ದೊಡ್ಡದೇನಲ್ಲ. ಒಂದು ಕೋಣೆ, ಮಗ್ಗುಲಲ್ಲಿ ಒಲೆಯ ಜಾಗ, ಮೇಲೆ ಶೀಟು. ಇರುವುದು ಗೊರೂರು ಅಣೆಕಟ್ಟೆಯ ಹಿನ್ನೀರಿನ ಒಂದು ದಿಬ್ಬದ ಮೇಲೆ. ಮೂರು ಕಡೆ ನೀರು, ಇನ್ನೊಂದು ಕಡೆ ಕುರುಚಲು ಗಿಡ. ಬಸ್ಸು ಸಿಗುವ ರಸ್ತೆಗೆ ಬರಬೇಕಾದರೆ ಆ ಗಿಡಗಳ ನಡುವೆ ಒಂದು ಗಂಟೆ ನಡೆಯಬೇಕು, ಇಲ್ಲವೇ ತೆಪ್ಪದಲ್ಲಿ ದಾಟಬೇಕು. ಈ ದಿಬ್ಬ ನನ್ನ ಹೆಂಡತಿ ಜಯಮ್ಮನ ತವರಿನವರ ಹೊಲದ ತುದಿ. ನೀರು ನಿಂತಾಗ ಅವರ ಊರು, ಗದ್ದೆ, ಬಾವಿ ಎಲ್ಲ ಒಳಗೆ ಹೋಗಿ, ಹುರುಳಿ ಚೆಲ್ಲುತ್ತಿದ್ದ ಈ ದಿಬ್ಬ ಒಂದು ಮೇಲೆ ಉಳಿಯಿತು. ಆಗ ಅವಳಿನ್ನೂ ಲಂಗ ಉಡುವ ಹುಡುಗಿ.

ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದ ಮೇಲೆ ಇಷ್ಟು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ. ಮಗಳನ್ನು ಹಿರೀಸಾವೆಗೆ ಕೊಟ್ಟು ನಾವಿಬ್ಬರೇ ಉಳಿದಾಗ ಕೇಳಿದಳು.

"ಆ ದಿಬ್ಬದ್ ಮ್ಯಾಲೆ ನಂಗೊಂದು ಕ್ವಾಣೆ ಕಟ್ಕೊಡಿ. ಊರೋರ್ಗೆಲ್ಲ ಕಟ್ಕೊಟ್ರಲ್ಲ."

ಊರವರಿಗೆ ನಾನೊಬ್ಬನೇ ಕಟ್ಟಿದ್ದಲ್ಲ. ಗಾರೆ ಕಲಸಿ, ಬಾಣಲಿ ತಲೆಯ ಮೇಲಿಟ್ಟು ಏಣಿ ಹತ್ತಿದವಳು ಅವಳು. ಆ ಏಣಿಗಳೇ ಅವಳ ಎಡಮಂಡಿಯನ್ನು ತಿಂದವು. ಸಂಜೆಯಾದರೆ ಊದಿಕೊಳ್ಳುತ್ತಿತ್ತು. ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿಕೊಳ್ಳುತ್ತಿದ್ದಳು. ನಾನು ಅದನ್ನು ದಿನಾ ನೋಡುತ್ತಿದ್ದೆ, ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುವ ಹಾಗೆ.

ಇಲ್ಲಿ ನನ್ನ ಜಂಬದ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗಲಾರೆ. ಐದನೇ ತರಗತಿಗೆ ಶಾಲೆ ಬಿಟ್ಟವನು ನಾನು. ಓದಿದವರ ಮುಂದೆ ತಲೆಯೆತ್ತಿ ನಿಲ್ಲಲು ನನಗಿದ್ದದ್ದು ಕಣ್ಣಳತೆ ಒಂದೇ. ಗೋಡೆ ಒಂದು ಕೂದಲೆಳೆ ವಾಲಿದ್ದರೆ ನಾನು ರಸ್ತೆಯಲ್ಲಿ ನಿಂತೇ ಹೇಳುತ್ತಿದ್ದೆ. ರುದ್ರಪಟ್ಟಣದಲ್ಲಿ ಒಂದು ಸಂಗೀತದ ಮನೆಯವರಿಗೆ ಹಿತ್ತಲ ಗೋಡೆ ಎಬ್ಬಿಸಿದ್ದೆ. ಯಜಮಾನರು ಬಂದು, ಈ ತುದಿಯಿಂದ ಆ ತುದಿಗೆ ಒಂದು ಕಣ್ಣು ಮುಚ್ಚಿ ನೋಡಿ, "ಮೇಸ್ತ್ರಿ, ಶ್ರುತಿ ಸೇರಿದೆ" ಅಂದರು. ಆ ಮಾತನ್ನು ನಾನು ಹಾಸನ, ಚನ್ನರಾಯಪಟ್ಟಣ, ಅರಕಲಗೂಡು ಅಂತ ಹೋದಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಕೇಳಿ ಕೇಳಿ ಜಯಮ್ಮ, ನಾನು "ರುದ್ರಪಟ್ಟಣ" ಅಂದ ಕೂಡಲೇ "ಶ್ರುತಿ ಸೇರ್ತು, ಗಾರೆ ಒಣಗ್ತಾ ಅದೆ, ಬನ್ನಿ" ಎನ್ನುತ್ತಿದ್ದಳು.

ಅಂಥವನು ನನ್ನ ಸ್ವಂತ ಮನೆ ಕಟ್ಟಲು ಹೊರಟೆ. ಮೊದಲ ಅನಾಹುತ ತೆಪ್ಪದಲ್ಲಾಯಿತು. ಜಯಮ್ಮನ ತಮ್ಮ ಪುಟ್ಟಸ್ವಾಮಿ ಹಿನ್ನೀರಿನಲ್ಲಿ ಮೀನು ಹಿಡಿಯುವವನು. ಇಟ್ಟಿಗೆ, ಮರಳು, ಕಬ್ಬಿಣ ಎಲ್ಲ ಅವನ ಬಿದಿರಿನ ತೆಪ್ಪದಲ್ಲೇ ಬರಬೇಕು. ಐದು ಮೂಟೆ ಸಿಮೆಂಟ್ ತಂದ ದಿನ ಅವನು ಹೇಳಿದ:

"ಭಾವ, ಎರ್ಡ್ ಮೂಟೆ ಆಕಣ. ಆಮ್ಯಾಕೆ ಇನ್ನೊಂದ್ ಸಲ ಬತ್ತೀನಿ."

"ಐದೂ ಆಕ್ಲಾ. ಭಾರ ಎಷ್ಟು ತಡೀತದೆ ಅನ್ನೋದು ನಂಗೊತ್ತು."

"ನಿಮ್ಗೆ ಗ್ವಾಡೆ ಗೊತ್ತು ಭಾವ. ನೀರು ನಂಗೊತ್ತು."

ಐದೂ ಹಾಕಿಸಿದೆ. ದಡ ಇನ್ನು ಹತ್ತು ಮಾರು ಇದೆ ಎನ್ನುವಾಗ ಸುಮ್ಮನೆ ಬೀಸಿದ ಒಂದು ಗಾಳಿಗೆ ತೆಪ್ಪ ಪಕ್ಕಕ್ಕೆ ವಾಲಿ ಮಂಡಿಯುದ್ದ ನೀರು ಕುಡಿಯಿತು. ನಾವಿಬ್ಬರೂ ಎದೆಮಟ್ಟದ ನೀರಿನಲ್ಲಿ ನಿಂತು, ಮುಳುಗಿದ ಮೂಟೆಗಳನ್ನು ಒಂದೊಂದಾಗಿ ಎಳೆದೆವು. ದಡದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ ಜಯಮ್ಮ ಮೊದಲು ಹೆದರಿದಳು, ಆಮೇಲೆ ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ವಾರದಲ್ಲಿ ಐದು ಮೂಟೆಯೂ ಕಲ್ಲಾದವು. ಚೀಲ ಸುಲಿದರೆ, ಅದರ ನೇಯ್ಗೆಯ ಗೆರೆ ಮೈತುಂಬ ಮೂಡಿದ ಐದು ಉಬ್ಬಿದ ಬಂಡೆ.

"ರಾಕ್ಷಸ್ರು ಮಲ್ಗಾಕೆ ದಿಂಬು ಮಾಡವ್ರೆ ನಮ್ಮನೆಯೋರು" ಅಂದಳು. ಅವತ್ತಿನಿಂದ ಅವು ದಿಂಬುಗಳೇ ಆದವು. ಎರಡು ದಿಂಬು ನೀರಿನ ಡ್ರಮ್ಮಿನ ಕೆಳಗೆ ಹೋದವು. ಒಂದಕ್ಕೆ ಪುಟ್ಟಸ್ವಾಮಿ ಹಗ್ಗ ಬಿಗಿದು ತೆಪ್ಪ ಕಟ್ಟಿಕೊಂಡ. ಇನ್ನೆರಡು ಮನೆಯ ಹಿಂದೆ ಬಿದ್ದಿದ್ದವು.

ಎರಡನೆಯ ಅನಾಹುತ ನಗುವಂಥದ್ದಲ್ಲ. ಆದರೂ ಅವತ್ತು ನಕ್ಕೆವು. ವಾಸ್ಕಲ್ ಇಡಲು, ಅಂದರೆ ಬಾಗಿಲ ಚೌಕಟ್ಟು ನಿಲ್ಲಿಸಲು, ಅರಕಲಗೂಡಿನ ಅಯ್ನೋರು ಮುಹೂರ್ತ ಹೇಳಿದ್ದರು, ಬೆಳಿಗ್ಗೆ ಒಂಬತ್ತು ಗಂಟೆಯೊಳಗೆ ಎಂದು. ಎಲ್ಲ ಸಿದ್ಧವಾಗಿತ್ತು. ಮಾವಿನ ಸೊಪ್ಪು, ಅರಿಶಿನ, ನವಧಾನ್ಯದ ಗಂಟು, ಗಿಂಡಿಯಲ್ಲಿ ಹಾಲು. ಮಟ್ಟ ನೋಡುವ ನೀರಿನ ಪೈಪು ಮಾತ್ರ ಹೊಳೆನರಸೀಪುರದ ಮನೆಯ ಮೊಳೆಯಲ್ಲೇ ನೇತಾಡುತ್ತಿತ್ತು.

"ಪೈಪ್ ಇಲ್ದೆ ಎಂಗ್ ಭಾವ? ಇಳಿಜಾರು ಬ್ಯಾರೆ."

"ನನ್ ಕಣ್ಣೇ ಪೈಪು ಕಣ್ಲಾ. ಹಿಡ್ಕೊ."

ಇಳಿಜಾರಿನಲ್ಲಿ ಕಣ್ಣು ಮೋಸ ಮಾಡುತ್ತದೆ. ಕೆಲಸ ಕಲಿಯಲು ಬಂದ ಎಷ್ಟು ಜನರಿಗೆ ನಾನೇ ಅದನ್ನು ಹೇಳಿಕೊಟ್ಟಿದ್ದೇನೋ. ಚೌಕಟ್ಟು ನಿಂತಿತು. ಜಯಮ್ಮ ಹೊಸಿಲಿಗೆ ಅರಿಶಿನ ಬಳಿದು ಹಾಲೆರೆದಳು. ಗೋಡೆ ಎದ್ದಿತು, ಶೀಟು ಕೂತಿತು. ಹೊಸಿಲು ಎತ್ತರವಾಯಿತಲ್ಲ ಎಂದು ನಡುವೆ ಅನ್ನಿಸಿದರೂ, ನೆಲ ಹಾಕಿದ ಮೇಲೆ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನೆಲ ಹಾಕಿದ ದಿನ ಪುಟ್ಟಸ್ವಾಮಿ ಹೊಸಿಲ ಮುಂದೆ ನಿಂತು ಅಳೆದ. ಅದು ಅವನ ಮಂಡಿಗೆ ಬಂತು. ಒಳಗಿನಿಂದಲೂ ಅಷ್ಟೇ.

"ಭಾವ, ಇದು ಬಾಗ್ಲಾ, ಕಿಟ್ಕಿಯಾ?"

ನಾನು ಕರಣೆ ತೊಳೆಯುತ್ತ ಕೂತೆ. ಒಳಗೆ ಮಣ್ಣು ತುಂಬಿ ನೆಲ ಎತ್ತರಿಸೋಣವೆಂದರೆ ಶೀಟು ತಲೆಗೆ ತಾಗುತ್ತಿತ್ತು. ಉಳಿದದ್ದು ಒಂದೇ ದಾರಿ.

"ಕಿತ್ತು ಇಳಿಸ್ಬುಡಾನ. ಅರ್ಧ ದಿನದ್ ಕೆಲ್ಸ" ಅಂದ ಪುಟ್ಟಸ್ವಾಮಿ.

ಜಯಮ್ಮ ಅವನ ಮೇಲೆ ಹರಿಹಾಯ್ದಳು. "ಇಟ್ಟ ಬಾಗ್ಲ ಯಾರಾರ ಕೀಳ್ತಾರೇನ್ಲಾ? ಯಜಮಾನ್ರಿಗೆ ಆಗ್ಬರಕಿಲ್ಲ. ಬಾಯ್ ಮುಚ್ಕೊಂಡ್ ಓಗು."

ನಮ್ಮ ಕಡೆ ಹಾಲೆರೆದು ನಿಲ್ಲಿಸಿದ ವಾಸ್ಕಲ್ಲನ್ನು ಕೀಳುವುದಿಲ್ಲ. ಕಿತ್ತರೆ ಮನೆಯ ಯಜಮಾನನ ಆಯಸ್ಸಿಗೆ ಕೇಡು ಎನ್ನುತ್ತಾರೆ. ಸೊಟ್ಟಗೆ ನಿಂತ ಚೌಕಟ್ಟಿಗೆ ಗೋಡೆಯನ್ನೇ ಸೊಟ್ಟ ಮಾಡಿ ಹೊಂದಿಸಿದ ಮನೆಗಳು ನನ್ನ ಕೈಯಲ್ಲೇ ಆಗಿವೆ. ನನಗೆ ಆ ನಂಬಿಕೆ ಅಷ್ಟೇನಿರಲಿಲ್ಲ. ಆದರೆ ಅವಳು ಬೇಡ ಅಂದದ್ದು ನನಗೆ ಅನುಕೂಲವಾಯಿತು. ಮೇಸ್ತ್ರಿ ತನ್ನ ಮನೆಯ ಬಾಗಿಲನ್ನೇ ತಪ್ಪಾಗಿ ಇಟ್ಟು ಕಿತ್ತ ಎಂಬ ಮಾತು ಹುಟ್ಟುವುದು ತಪ್ಪಿತು. "ಹೊಸಿಲು ಎತ್ತರ ಇದ್ದರೆ ಹಾವು ಹುಳ ಒಳಗೆ ಬರುವುದಿಲ್ಲ" ಎಂದು ಬಂದವರಿಗೆ ನಾನೇ ಹೇಳತೊಡಗಿದೆ. ಹೇಳುತ್ತ ಹೇಳುತ್ತ ಬೇಕೆಂದೇ ಹಾಗೆ ಕಟ್ಟಿದೆನೆಂದು ನಂಬಿಯೂ ಬಿಟ್ಟೆ.

ಒಂದು ದಿನ ನಾನು ಗೊರೂರಿಗೆ ಹೋಗಿ ಬರುವಷ್ಟರಲ್ಲಿ ಜಯಮ್ಮ ಹಾರೆ ಹಾಕಿ ಮೀಟಿ ಮೀಟಿ ಹಿಂದೆ ಬಿದ್ದಿದ್ದ ಒಂದು ದಿಂಬನ್ನು ಬಾಗಿಲ ಮುಂದಕ್ಕೆ ಉರುಳಿಸಿ ತಂದಿದ್ದಳು, ಹತ್ತಲು ಮೆಟ್ಟಿಲಾಗಿ. ಎರಡು ದಿನ ಬಿಟ್ಟು ಕೇಳಿದಳು:

"ಇನ್ನೊಂದ್ ದಿಂಬ್ನ ಒಳೀಕೂ ಆಕ್ಕೊಡಿ. ನನ್ ಒಬ್ಳ್ ಕೈಲಿ ಹೊಸ್ಲು ದಾಟ್ಸಕಾಗಕಿಲ್ಲ."

"ಮನೆ ಒಳಗೆ ಹಾಳಾದ್ ಮೂಟೆ ಇಟ್ಕೊಳಾದಾ? ಮೇಸ್ತ್ರಿ ಮನೆ ಅಂತ ನೋಡಕ್ ಬಂದೋರು ಏನಂದಾರು? ಚೆನ್ನಾಗಿ ಕಲ್ಲಿನ್ ಮೆಟ್ಲೇ ಮಾಡ್ಕೊಡ್ತೀನಿ ಇರು."

ಅವಳು ಇದ್ದಳು. ಕಲ್ಲು ಬರಲಿಲ್ಲ. ಆ ಆಷಾಢದಲ್ಲಿ ಗಾಳಿಗೆ ಒಂದು ಶೀಟು ಹಾರಿ ನೀರಿಗೆ ಬಿತ್ತು, ಪುಟ್ಟಸ್ವಾಮಿ ಅದನ್ನು ಆಚೆ ದಡದಿಂದ ತೆಪ್ಪದ ಹಿಂದೆ ಕಟ್ಟಿ ಎಳೆದು ತಂದ. ಆಮೇಲೆ ಒಲೆಯ ಹೊಗೆ ಹೋಗಲು ಗೋಡೆ ಕೊರೆದೆ. ಆಮೇಲೆ ಮೇಕೆ ಬಂದವು, ಅವಕ್ಕೆ ಚಪ್ಪರ ಬೇಕಾಯಿತು. ಹೀಗೆ ಒಂದಲ್ಲ ಒಂದು. ಒಳಗಿನ ಮೆಟ್ಟಿಲನ್ನು ಅವಳೂ ಮತ್ತೆ ಕೇಳಲಿಲ್ಲ.

ಆ ಹೊರಗಿನ ದಿಂಬೇ ಅವಳ ಜಾಗವಾಯಿತು. ಹುರುಳಿ ಕೇರುವುದು, ಮೀನು ಉಜ್ಜುವುದು, ತಲೆಗೆ ಎಣ್ಣೆ ಹಚ್ಚಿಕೊಳ್ಳುವುದು, ಎಲ್ಲ ಅದರ ಮೇಲೆ ಕೂತು ನೀರಿನ ಕಡೆ ಮುಖ ಮಾಡಿ. ಅವಳ ಊರು ಮುಳುಗಿದ್ದು ಅದೇ ನೀರಿನಲ್ಲಿ. "ತವರು ನೋಡ್ತಾ ಕೂತಿರ್ತಾಳೆ, ಏಳೋದೇ ಇಲ್ಲ" ಎಂದು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದೆ, ಅವಳಿಗೆ ತವರನ್ನೇ ಕಟ್ಟಿಕೊಟ್ಟವನ ಹಾಗೆ. ಅವಳು ಬೇಡವೆನ್ನುತ್ತಿರಲಿಲ್ಲ. ಒಳಗೆ ಚಾಪೆಯ ಮೇಲೆ ಒರಗಿದ್ದ ನಾನು "ಕಾಫಿ" ಎಂದು ಕೂಗಿದರೆ ಒಂದು ಗಳಿಗೆ ಬಿಟ್ಟು ಎದ್ದು ಬರುತ್ತಿದ್ದಳು. ಆ ಒಂದು ಗಳಿಗೆ ತವರನ್ನು ಬಿಟ್ಟು ಬರಲಾರದ ಗಳಿಗೆ ಎಂದುಕೊಂಡಿದ್ದೆ.

ಇಲ್ಲಿ ಆರು ವರ್ಷ ಇದ್ದೆವು. ಹೋದ ವರ್ಷ ಜಯಮ್ಮನಿಗೆ ಜ್ವರ ಬಂತು, ಇಳಿಯಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಪುಟ್ಟಸ್ವಾಮಿ ತೆಪ್ಪ ತಂದು ನಿಲ್ಲಿಸಿದ. ಹಾಸನದ ಆಸ್ಪತ್ರೆಗೆ ಹೊರಟೆವು. ನಡೆಯುವ ಸ್ಥಿತಿಯಲ್ಲಿರಲಿಲ್ಲ, ನಾನೇ ಎರಡು ಕೈಯಲ್ಲಿ ಎತ್ತಿಕೊಂಡೆ. ಗಾರೆಯ ಬಾಣಲಿಗಿಂತ ಹಗುರವಾಗಿದ್ದಳು. ಹೊಸಿಲ ಮೇಲೆ ಕಾಲೆತ್ತಿ ಹಾಕಿ ಹೊರಗೆ ಬಂದಾಗ ನನ್ನ ಕಿವಿಯ ಹತ್ತಿರ ಬಿಸಿ ಉಸಿರಿನಲ್ಲಿ ಅಂದಳು:

"ಮೊದ್ಲಿಂದ್ಲೂ ಇಂಗೆ ಎತ್ತಿ ದಾಟ್ಸಿದ್ರೆ ಆಗಿರೋದು."

ನಕ್ಕೆ. ಪುಟ್ಟಸ್ವಾಮಿಗೂ ಕೂಗಿ ಹೇಳಿದೆ, "ಕೇಳ್ದೇನ್ಲಾ ನಿಮ್ಮಕ್ಕನ್ ಮಾತ, ಈ ವಯಸ್ಸಲ್ಲಿ" ಎಂದು. ಅವನು ನಗಲಿಲ್ಲ. ತೆಪ್ಪದ ಹಗ್ಗ ಬಿಚ್ಚುತ್ತಿದ್ದ. ಹಾಸನದಿಂದ ಅವಳು ಮತ್ತೆ ಬರಲಿಲ್ಲ.

ಈಗ ಬೆಳಗಿನದ್ದು ಹೇಳುತ್ತೇನೆ. ಈ ಮಳೆಗಾಲದಿಂದ ನನಗೂ ಮಂಡಿ ಹಿಡಿಯುತ್ತಿದೆ. ಕಾಫಿ ಲೋಟ ಹಿಡಿದು ಒಳಗೆ ಹೋಗಲು ದಿಂಬಿನ ಮೇಲೆ ನಿಂತು ಒಂದು ಕಾಲೆತ್ತಿ ಹೊಸಿಲಾಚೆ ಹಾಕಿದೆ. ಇನ್ನೊಂದು ಏಳಲಿಲ್ಲ. ಹೊಸಿಲ ಆಚೆಗೊಂದು ಈಚೆಗೊಂದು ಕಾಲಿಟ್ಟು ಸಿಕ್ಕಿಹಾಕಿಕೊಂಡು, ಬೀಳದಂತೆ ಎಡಗೈಯಲ್ಲಿ ಚೌಕಟ್ಟು ಹಿಡಿದೆ. ಅಂಗೈಗೆ ನುಣ್ಣಗೆ ಹತ್ತಿತು. ತಿರುಗಿ ನೋಡಿದರೆ ಆ ಹೊಳಪು. ನಾನು ಸಹಜವಾಗಿ ಹಿಡಿಯುವ ಎತ್ತರಕ್ಕಿಂತ ಒಂದು ಗೇಣು ಕೆಳಗೆ, ಅವಳ ಭುಜದ ಮಟ್ಟಕ್ಕೆ.

ಒಳಗೆ ಹೋಗುವಾಗ ಎಡಗೈ, ಹೊರಗೆ ಬರುವಾಗ ಅದೇ ಮರಕ್ಕೆ ಬಲಗೈ. ನೀರಿಗೆ, ಸೌದೆಗೆ, ಮೇಕೆಗೆ, ನನ್ನ ಕಾಫಿಗೆ. ತಲೆಗೆ ಹಚ್ಚಿದ ಎಣ್ಣೆಗೈಯಲ್ಲಿ ಆರು ವರ್ಷ ಹಿಡಿದು ಹಿಡಿದು ಮರ ಹೊಳಪಾಗಿದೆ. ಒಂದು ಕೂದಲೆಳೆ ವಾಲಿದ ಗೋಡೆ ರಸ್ತೆಯಿಂದಲೇ ಕಾಣುತ್ತಿದ್ದ ನನ್ನ ಕಣ್ಣಿಗೆ, ದಿನಾ ದಾಟುವ ಬಾಗಿಲಲ್ಲಿ ಅಂಗೈಯಗಲದ ಹೊಳಪು ಕಾಣಲಿಲ್ಲ. ಅವಳು ಹೊರಗೆ ಕೂತು ತವರು ನೋಡುತ್ತಿದ್ದದ್ದು ನಿಜವಿರಬಹುದು. ಆದರೆ ಹೊರಗೇ ಕೂತದ್ದು ಒಳಗೆ ಬರಲಾರದೆ.

ಮನೆಯ ಹಿಂದೆ ಹೋದೆ. ಕೊನೆಯ ದಿಂಬು ಹುಲ್ಲಿನಲ್ಲಿ ಅರ್ಧ ಹೂತಿತ್ತು. ಹಾರೆ ಹಾಕಿ ಮೀಟಿದೆ. ಒಂದೊಂದು ಮಗ್ಗುಲು ಉರುಳಿಸಿ ಬಾಗಿಲವರೆಗೆ ತರುವಷ್ಟರಲ್ಲಿ ಬೆವೆತುಹೋದೆ. ಅವಳು ಮೊದಲನೆಯದನ್ನು ಹೇಗೆ ತಂದಳೋ. ಬಲೆ ತೆಗೆದುಕೊಂಡು ಹೋಗಲು ಬಂದ ಪುಟ್ಟಸ್ವಾಮಿ ನನ್ನನ್ನೂ ದಿಂಬನ್ನೂ ನೋಡುತ್ತ ನಿಂತ.

"ಈಗ್ಯಾಕೆ ಭಾವ?"

"ಒಳೀಕೆ ಕಣ್ಲಾ. ಒಂದ್ ಕೈ ಹಿಡ್ಕೊ."

ಇಬ್ಬರೂ ಸೇರಿ ಎತ್ತಿ ಹೊಸಿಲ ಮೇಲಿಟ್ಟು, ಆಚೆಗೆ ನಿಧಾನವಾಗಿ ಇಳಿಸಿದೆವು. ಅಲುಗದಂತೆ ಅಡಿಗೆ ಸ್ವಲ್ಪ ಗಾರೆ ಕೊಟ್ಟೆ. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ. ಗಾರೆ ಕಚ್ಚಿಕೊಳ್ಳಲಿ ಎಂದು ಸಂಜೆಯವರೆಗೆ ಹೊರಗಿನ ದಿಂಬಿನ ಮೇಲೆ, ಅವಳ ಜಾಗದಲ್ಲಿ ಕೂತಿದ್ದೆ. ಆಮೇಲೆ ಎದ್ದು ಹೊಸಿಲು ದಾಟಿ ಒಳಗಿನ ದಿಂಬಿನ ಮೇಲೆ ಕಾಲಿಟ್ಟೆ. ಸಲೀಸಾಗಿ ಇಳಿದೆ. ಚೌಕಟ್ಟು ಹಿಡಿಯುವ ಅಗತ್ಯವೇ ಬೀಳಲಿಲ್ಲ.

ಆದರೂ ಹಿಡಿದುಕೊಂಡೆ.