ಮಹಡಿಯ ಮೇಲಿನ ಗೋಧಿ

ಅವರ ವಿದ್ಯೆಯ ಬಗ್ಗೆ ಬರೆಯುವಷ್ಟು ತಿಳಿವಳಿಕೆ ನನಗಿಲ್ಲ. ಹೇಳುವುದರಲ್ಲಿ ತಪ್ಪಿದ್ದರೆ ಓದುಗರು ಮನ್ನಿಸಬೇಕು.

ಲಗ್ಗೆರೆಯ ನಮ್ಮ ಬಾಡಿಗೆ ಮನೆಯ ಮೇಲ್ಮಹಡಿಯಲ್ಲಿ ಮಗಳೊಡನೆ ಇದ್ದ ಆ ಹಿರಿಯರು, ಧಾರವಾಡದ ಕಡೆ ಗೋಧಿಯ ಹೊಸ ತಳಿಗಳನ್ನು ರೂಪಿಸುತ್ತಿದ್ದ ನಿವೃತ್ತ ವಿಜ್ಞಾನಿ. ಇಲ್ಲಿಯೂ ಪೇಂಟ್ ಡಬ್ಬಿಗಳಲ್ಲಿ ಗೋಧಿ ಬೆಳೆಯುತ್ತಿದ್ದರು. ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ತಳಿ ಬೆರೆಸಲು ಗೋಧಿಯ ಹೂ ಬಿಡಿಸುವ ಚಿಮಟವಿರುತ್ತಿತ್ತು. ಯಾವ ತೆನೆಯನ್ನು ಹೊಗಳಿದರೂ, "ತಡೀರಿ, ಮೊದಲ ರೋಗ ಬರ್ಲಿ" ಎನ್ನುತ್ತಿದ್ದರು.

ನಮ್ಮೂರೂ ಆ ಕಡೆಯದೇ. ಅಲ್ಲಿನ ಹೊಲದ ಗೋಧಿಯನ್ನು ತುಕ್ಕು ರೋಗ ಬಿಡುತ್ತಿರಲಿಲ್ಲ. ಇನ್ನೊಮ್ಮೆ ಹೀಗಾದರೆ ಗೋಧಿಯನ್ನೇ ಬಿಡುವುದೆಂದು ದೊಡ್ಡಪ್ಪ ನಿರ್ಧರಿಸಿದ್ದರು. ಪೀಣ್ಯದ ಕಾರ್ಖಾನೆಗೆ ಹೋಗುತ್ತಿದ್ದ ಅಪ್ಪ ಇದನ್ನು ಹಿರಿಯರಿಗೆ ತಿಳಿಸಿದಾಗ, ಅವರು ನಮ್ಮ ಹೊಲದ ರೋಗದ ಗಿಡವೊಂದನ್ನು ತರಿಸಿ, ತಮ್ಮ ಎರಡು ಹೊಸ ತಳಿಗಳ ನಡುವೆ ನೆಟ್ಟರು.

ಮರುದಿನ ಅವರಿಲ್ಲದಾಗ ಅವ್ವ ಅದನ್ನು ಕಿತ್ತು ಕಸಕ್ಕೆ ಹಾಕಿದರು.

"ಛಲೋ ಗಿಡಕ್ಕ ರೋಗ ಹತ್ತತೈತಂತ ಕಿತ್ತ ಒಗದೇನ್ರಿ, ಸರ."

"ಎಂಥಾ ಕೆಲಸಾ ಮಾಡಿದಿ ತಂಗಿ! ಪರೀಕ್ಷಾ ನಡದಾಗ ಮಾಸ್ತರನ್ನ ಹೊರಗ ಹಾಕಿದೆಲ್ಲ!"

ನಗುತ್ತಲೇ ಕಸದ ಬುಟ್ಟಿಗೆ ಕೈಹಾಕಿ ಗಿಡವನ್ನು ತೆಗೆದರು. ಅದರ ಎಲೆಯ ಮೇಲಿದ್ದ ತುಕ್ಕಿನ ಕಂದು ಪುಡಿಯನ್ನು ಎರಡೂ ತಳಿಗಳಿಗೆ ತಾವೇ ಸವರಿದರು.

ದಪ್ಪ ತೆನೆಯ ತಳಿಗೆ ತುಕ್ಕು ಹತ್ತಿತು. ಇನ್ನೊಂದು ಹಸಿರಾಗಿಯೇ ನಿಂತು ಕಾಳು ತುಂಬಿಕೊಂಡಿತು.

"ಈಗ ಹೊಗಳ್ರಿ" ಎಂದರು.

ಆ ಡಬ್ಬಿಯ ಕಾಳನ್ನು ದೊಡ್ಡಪ್ಪ ವರ್ಷ ವರ್ಷ ಬಿತ್ತಿ ಹೆಚ್ಚಿಸಿದರು. ಮಹಡಿಯ ಹಿರಿಯರು ಈಗಿಲ್ಲ. ನಮ್ಮ ಹೊಲದಲ್ಲಿ ಗೋಧಿ ಇದೆ. ಲಗ್ಗೆರೆಯಲ್ಲಿ ನಾವು ಹಿಟ್ಟು ಕೊಳ್ಳುವುದನ್ನು ಬಿಟ್ಟಿದ್ದೇವೆ.