ಪಿಳ್ಳಮ್ಮ ಆಂಟಿಯ ಪಿಜಿಗೆ ನಾನು ಮಾಡಿದ ವೆಬ್‌ಸೈಟ್

ಸರ್ಚ್‌ನಲ್ಲಿ ನಮ್ಮ ಪಿಜಿ ಮೊದಲನೇ ಸ್ಥಾನಕ್ಕೆ ಬಂದ ದಿನ ನಾನು ಮೈಸೂರ್ ಪಾಕ್ ಹಿಡಿದು ಅಡುಗೆಮನೆಗೆ ಓಡಿದೆ. ಪಿಳ್ಳಮ್ಮ ಆಂಟಿ ಒಂದು ತುಂಡು ಬಾಯಿಗೆ ಹಾಕಿಕೊಂಡು ಕೇಳಿದರು, "ಸರಿ ಕಣವ್ವ, ಮತ್ತೆ ಒಂದ್ ಫೋನೂ ಯಾಕ್ ಬರ್ಲಿಲ್ಲ?"

ನಾನು ಮೈಸೂರ್ ಪಾಕಿನ ಡಬ್ಬಿ ಮುಚ್ಚಿದೆ.

ಸ್ಮಾರ್ಟ್‌ಫೋನ್ ಆಗಷ್ಟೇ ಎಲ್ಲರ ಕೈಗೆ ಬರುತ್ತಿದ್ದ ಕಾಲ. ಆಂಟಿ ಬೆಂಗಳೂರಿನ ವೈಟ್‌ಫೀಲ್ಡ್ ಪಕ್ಕದ ಕುಂದಲಹಳ್ಳಿಯ ಹಳೇ ಕುಟುಂಬದವರು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಮೂರು ಮಹಡಿ ಕಟ್ಟಿ ಹುಡುಗಿಯರಿಗೆ ಪಿಜಿ ನಡೆಸುತ್ತಿದ್ದರು, ಅಡುಗೆಯೂ ಅವರದ್ದೇ.

ನಾನು ರಾಣೆಬೆನ್ನೂರಿನವಳು, ಆಂಟಿಯ ಪಿಜಿಯಲ್ಲಿ ಮೂರು ವರ್ಷದಿಂದ ಇದ್ದೆ. ಕೆಲಸ ಎಸ್‌ಇಒ. ಅಂದರೆ ಜನ ಏನಾದರೂ ಹುಡುಕಿದಾಗ ನಮ್ಮ ಕ್ಲೈಂಟ್‌ನ ವೆಬ್‌ಸೈಟ್ ಎಲ್ಲರಿಗಿಂತ ಮೇಲೆ ಬರುವಂತೆ ಮಾಡುವುದು.

ಆ ವರ್ಷ ಸುತ್ತಮುತ್ತ ಹೊಸ ಪಿಜಿಗಳು ಎದ್ದವು, ಆಂಟಿಯ ರೂಮುಗಳು ಅರ್ಧಕ್ಕರ್ಧ ಖಾಲಿಯಾದವು. "ಯುಗಾದಿ ತನಕ ನೋಡಣ ಅಮ್ಮ, ತುಂಬ್ಲಿಲ್ಲ ಅಂದ್ರೆ ಬಿಲ್ಡಿಂಗ್ ಲೀಸ್‌ಗೆ ಕೊಟ್ಬಿಡಣ" ಎಂದ ಮಗ ಮುನಿರಾಜು.

ಲೀಸ್‌ಗೆ ಕೊಟ್ಟರೆ ಆಂಟಿಗೆ ಆ ಅಡುಗೆಮನೆಯೂ ಇಲ್ಲ, ನಾವೂ ಇಲ್ಲ. ವೆಬ್‌ಸೈಟ್ ನಾನೇ ಮಾಡಿಕೊಡುತ್ತೇನೆ ಎಂದು ಕೂತೆ.

"ವೈಟ್‌ಫೀಲ್ಡ್ ಲೇಡೀಸ್ ಪಿಜಿ" ಎಂಬ ಮೂರು ಪದಗಳನ್ನು ತಲೆಬರಹದಲ್ಲಿ, ಫೋಟೋ ಕೆಳಗೆ, ಸಾಲುಸಾಲಿನಲ್ಲಿ ತುರುಕಿದೆ. ಆಗ ನಮ್ಮ ಆಫೀಸಿನಲ್ಲಿ ಅದನ್ನೇ ಬುದ್ಧಿವಂತಿಕೆ ಎನ್ನುತ್ತಿದ್ದರು. ಸೈಟ್ ಮೇಲೆ ಬಂತು. ಜನ ತೆರೆದೂ ನೋಡಿದರು, ತೆರೆದಷ್ಟೇ ಬೇಗ ಮುಚ್ಚಿಕೊಂಡು ಹೋದರು.

"ಏನ್ ಬರ್ದಿದೀಯ, ಓದು ನೋಡಣ" ಎಂದರು ಆಂಟಿ. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡಿ ಓದಿದೆ. ವೈಟ್‌ಫೀಲ್ಡ್ ಲೇಡೀಸ್ ಪಿಜಿ ಹುಡುಕುತ್ತಿದ್ದೀರಾ, ನಮ್ಮ ವೈಟ್‌ಫೀಲ್ಡ್ ಲೇಡೀಸ್ ಪಿಜಿ ವೈಟ್‌ಫೀಲ್ಡಿನಲ್ಲೇ ಒಳ್ಳೆಯ ಲೇಡೀಸ್ ಪಿಜಿ...

ನಾಲ್ಕನೇ ಸಾಲಿಗೆ ಅವರು ಬಾಯಿಗೆ ಸೆರಗು ಇಟ್ಟುಕೊಂಡಿದ್ದರು. "ಬಸ್ ಕಂಡಕ್ಟರ್ ಕೂಗ್ದಂಗೈತೆ ಕಣೆ!"

ನನಗೆ ಸಿಟ್ಟೇ ಬಂತು. ಇವರಿಗೇನು ಗೊತ್ತು ಅಂದುಕೊಂಡೆ. ಇವತ್ತಿಗೂ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಆ ಭಾನುವಾರ ಗೇಟಿನ ಮೇಲಿನ ಟು-ಲೆಟ್ ಬೋರ್ಡ್ ನೋಡಿ ಗದಗಿನ ಒಬ್ಬ ತಾಯಿ ಮಗಳು ಬಂದರು. ನಾನೂ ಹಿಂದೆ ಹೋದೆ. ಬೇರೆ ಪಿಜಿಗಳಲ್ಲಿ ಮೊದಲು ರೂಮು, ಮಂಚ, ಟಿವಿ ತೋರಿಸುತ್ತಾರೆ. ಆಂಟಿ ಅವರನ್ನು ಸೀದಾ ಬಚ್ಚಲಿಗೆ ಕರೆದುಕೊಂಡು ಹೋಗಿ ನಲ್ಲಿ ತಿರುಗಿಸಿದರು.

"ನೀರು ಬತ್ತದೆ, ನೋಡ್ಕಳಿ. ಆದ್ರೆ ಬೋರ್ ನೀರು, ಬಟ್ಟೆಗೆ ಸೋಪು ಜಾಸ್ತಿ ಬೇಕು. ಕುಡಿಯಾಕೆ ಕ್ಯಾನ್ ತರಿಸ್ತೀನಿ."

ಬಾಯಿಬಿಟ್ಟು ಯಾರೂ ಕೇಳದ ಕೊರತೆಯನ್ನು ಮೊದಲೇ ಹೇಳುತ್ತಿದ್ದಾರಲ್ಲ ಎಂದು ನಾನು ತಲೆ ಚಚ್ಚಿಕೊಂಡೆ. ಆಮೇಲೆ ಬಟ್ಟೆ ಒಣಗಿಸುವ ತಾರಸಿ. ಆಮೇಲೆ ಗೇಟು. "ಒಂಬತ್ತೂವರೆಗೆ ಬೀಗ ಆಕ್ತೀನಿ. ಶಿಫ್ಟ್ ಇದ್ರೆ ಮೊದ್ಲೇ ಯೋಳ್ಲಿ, ನಾನೇ ಬಂದು ತೆಗೀತೀನಿ."

ಅಡುಗೆಮನೆಯಲ್ಲಿ ಆ ತಾಯಿ ರೊಟ್ಟಿ ಸಿಗುತ್ತದಾ ಎಂದು ಕೇಳಿದರು. "ನಿಮ್ ಕಡೆ ರೊಟ್ಟಿ ನಂಗೆ ತಟ್ಟಾಕ್ ಬರಲ್ಲವ್ವ. ಮುದ್ದೆ ಮಾಡಿದ್ರೆ ನಾಕ್ ಜನ ಕೇಳಿ ಆಕಿಸ್ಕಂತಾರೆ."

ರೂಮು ತೋರಿಸಿದ್ದು ಎಲ್ಲದರ ಕೊನೆಗೆ. ಅಷ್ಟರಲ್ಲಿ ಆ ತಾಯಿ ಮಗಳ ಬ್ಯಾಗನ್ನು ಒಳಗೇ ತಂದಿಟ್ಟಿದ್ದರು.

ಸೋಮವಾರ ಆಫೀಸಿನಲ್ಲಿ ಜನ ಸರ್ಚ್‌ನಲ್ಲಿ ಟೈಪ್ ಮಾಡುವ ಮಾತುಗಳ ಪಟ್ಟಿ ತೆಗೆದೆ. ನೀರಿನ ತೊಂದರೆ ಇಲ್ಲದ ಪಿಜಿ, ಶಿಫ್ಟ್‌ನವರಿಗೆ ಪಿಜಿ, ಟೆಕ್ ಪಾರ್ಕಿಗೆ ನಡೆದು ಹೋಗುವಷ್ಟು ಹತ್ತಿರದ ಪಿಜಿ... ಬಾಗಿಲಲ್ಲಿ ನಿಂತ ತಾಯಂದಿರು ಆಂಟಿಯನ್ನು ಕೇಳುವುದೂ ಇವನ್ನೇ!

ಇಡೀ ಸೈಟ್ ಕಿತ್ತು ಹಾಕಿದೆ. ಆಂಟಿ ಮನೆ ತೋರಿಸುವ ಕ್ರಮದಲ್ಲೇ ಬರೆದೆ. ಜನರ ಪ್ರಶ್ನೆಗಳೇ ತಲೆಬರಹ, ಕೆಳಗೆ ಎರಡೆರಡು ಸಾಲಿನ ಉತ್ತರ. ತೆರೆಯಲು ಯುಗ ಹಿಡಿಯುತ್ತಿದ್ದ ದೊಡ್ಡ ಫೋಟೋಗಳನ್ನು ತೆಗೆದು, ಫೋನ್ ನಂಬರನ್ನು ಎಲ್ಲಕ್ಕಿಂತ ಮೇಲೆ ಇಟ್ಟೆ.

ಸೋಪಿನ ಮಾತು ಬಿಡೋಣ ಎಂದೆ. ಆಂಟಿ ಒಪ್ಪಲಿಲ್ಲ. "ಇರೋದನ್ನ ಬರಿ. ಬಂದ್ಮೇಲೆ ಬೈಸ್ಕಳೋದ್ಯಾಕೆ?"

ವಾರದಲ್ಲಿ ಸೈಟ್ ಮೂರನೇ ಸ್ಥಾನಕ್ಕೆ ಇಳಿಯಿತು. ಯುಗಾದಿಗೆ ಇನ್ನು ಒಂದೇ ತಿಂಗಳು. ನಾನೇ ಕೈಯಾರೆ ಹಾಳು ಮಾಡಿದೆನಾ ಎಂದು ಜೀವ ಹಿಡಿ ಮಾಡಿಕೊಂಡಿದ್ದೆ. ಆಗ ತುಮಕೂರಿನಿಂದ ಒಂದು ಫೋನ್ ಬಂತು. "ಸೋಪು ಜಾಸ್ತಿ ಬೇಕು ಅಂತ ಬರ್ದಿರೋ ಪಿಜಿ ಇದೇನಾ ಮೇಡಂ?"

ಆಮೇಲೆ ಫೋನ್‌ಗಳು ಬರುತ್ತಲೇ ಇದ್ದವು. ಕೆಲವು ವಾರಗಳಾದ ಮೇಲೆ ಸೈಟ್ ತಾನಾಗಿಯೇ ಮತ್ತೆ ಮೇಲೆ ಹತ್ತಿತು, ಆದರೆ ಅಷ್ಟರಲ್ಲಿ ನಾನು ಅದನ್ನು ನೋಡುವುದನ್ನೇ ಮರೆತಿದ್ದೆ.

ಯುಗಾದಿಗೆ ನಾಲ್ಕು ದಿನ ಮುಂಚೆ ಮುನಿರಾಜು ಲೀಸ್‌ನವರೊಬ್ಬರನ್ನು ಕರೆದುಕೊಂಡು ಬಂದ. ಖಾಲಿ ಇದ್ದ ಕೊನೆಯ ಮಂಚಕ್ಕೂ ಅವತ್ತೇ ಬೆಳಿಗ್ಗೆ ಹುಡುಗಿ ಬಂದಿದ್ದಳು. ಆಂಟಿ ಮಗನ ಮುಖ ನೋಡಿದರು, ಮಗ ನೆಲ ನೋಡಿದ.

ಬಂದವರು ಮೊಬೈಲಿನಲ್ಲಿ ನಮ್ಮ ಸೈಟ್ ತೆರೆದು, ಇದನ್ನು ಯಾವ ಕಂಪನಿ ಮಾಡಿದ್ದು, ನಮ್ಮ ಬಿಲ್ಡಿಂಗ್‌ಗಳಿಗೂ ಬೇಕಿತ್ತು ಎಂದರು. ಬಾಗಿಲಲ್ಲಿದ್ದ ನಾನು ಪರ್ಸಿನಿಂದ ವಿಸಿಟಿಂಗ್ ಕಾರ್ಡ್ ತೆಗೆದೆ.

"ಕಂಪ್ನಿ ಅಲ್ಲ" ಎಂದರು ಆಂಟಿ. "ನಮ್ಮನೆ ಉಡ್ಗಿ ಮಾಡಿದ್ದು. ಲೀಸು ಇಲ್ಲ ಸಾರ್, ಕಾಫಿ ಕುಡ್ಕಂಡ್ ಓಗಿ."

ಕಾರ್ಡನ್ನು ಪರ್ಸಿಗೇ ಹಾಕಿಕೊಂಡೆ, ಕಣ್ಣು ತುಂಬಿತ್ತು.

ನೀವು ಬಾಡಿಗೆಗಿದ್ದ ಮನೆಯವರು ಯಾವತ್ತಾದರೂ ನಿಮ್ಮನ್ನು ಹೀಗೆ ಮನೆಯವರನ್ನಾಗಿ ಮಾಡಿಕೊಂಡಿದ್ದಾರಾ?